ನಾನೂರು

ಅಳತೆಯನ್ನು ಟೈರೇ ಹೇಳಬೇಕು.
ಹೇಳುವಷ್ಟು ಅಂಚು ಉಳಿದಿರಲಿಲ್ಲ.
ಉಗುರಲ್ಲಿ ಕೆಸರು ಕೆರೆದು, ಉಗುಳು ಹಚ್ಚಿ ಒರೆಸಿ
ಬೆರಳಲ್ಲೇ ಓದಿದೆ: ನೂರ ಅರವತ್ತೈದು, ಆಮೇಲೆ ನಾನೂರು.
ಇಂಚಲ್ಲ, ಮಿಲಿಮೀಟರು.
ಹದಿನೈದಿಂಚಿನದು ಏರುವುದಿಲ್ಲ
ಹದಿನಾರಿಂಚಿನದು ನಿಲ್ಲುವುದಿಲ್ಲ
ನಡುವೆ ಎಲ್ಲೋ ಒಂದು ಫ್ರೆಂಚ್ ಹಟ.

ಊರಿನ ಹೆಸರು ಮೆರ್ಸೆದೆಸ್; ಗಾಡಿಯದಲ್ಲ.
ಉರುಗ್ವೆಯಲ್ಲಿ ಹಳೆಯದನ್ನು ಯಾರೂ ಎಸೆಯುವುದಿಲ್ಲ,
ಆದರೆ ಹಳೆಯದಕ್ಕೆ ಬೇಕಾದ್ದನ್ನು ಯಾರೂ ಇಟ್ಟುಕೊಂಡಿರುವುದಿಲ್ಲ.
ಟೈರಂಗಡಿಯ ವಿಲ್ಮಾರ್
ಸೋರೆಬುರುಡೆಯ ಕಷಾಯ ಹೀರುತ್ತಾ ಹೇಳಿದ:
"ರಿಮ್ಮನ್ನೇ ಬದಲಿಸು, ಓತಿಲಿಯಾ,
ಹದಿನೈದರದ್ದು ಹಾದಿಗೆ ಹತ್ತು ಸಿಗುತ್ತೆ."
ಬಗ್ಗಿ ನೋಡಿದ. ಗಾಲಿಗೆ ಮೂರೇ ಬೋಲ್ಟು.
ಲೋಕದ ರಿಮ್ಮುಗಳಿಗೆಲ್ಲ ನಾಲ್ಕು, ಐದು.
ಇನ್ನೊಂದು ಗುಟುಕು ಎಳೆದ, ಸದ್ದಾಗುವಂತೆ.
ಬೇರೇನೂ ಹೇಳಲಿಲ್ಲ.

ಅರವತ್ತೆರಡು ಜೇನುಪೆಟ್ಟಿಗೆ ನನ್ನವು.
ಮಾರ್ಚಿಯಲ್ಲಿ ನೀಲಗಿರಿ ಹೂ ಬಿಟ್ಟರೆ
ರಾತ್ರೋರಾತ್ರಿ ಸಾಗಿಸಬೇಕು ತೋಪಿಗೆ.
ಬೆಳಕು ಹರಿದರೆ ಹುಳ ಹೊರಬೀಳುತ್ತದೆ
ಇಲ್ಲದ ಮನೆಯನ್ನು ಹುಡುಕುತ್ತದೆ.
ಟೈರಿಗಾಗಿ ಕಾಯುವ ಹೂವು ಯಾವ ದೇಶದಲ್ಲಿದೆ?

ಫೋನು ಹಿಡಿದೆ. ದೊಲೊರೆಸ್, ಯಂಗ್, ತ್ರಿನಿದಾದ್.
ಒಬ್ಬ ನಕ್ಕ.
ಒಬ್ಬಳು, ನಾನೂರು ಅಂದರೆ ಡಾಲರೇ, ಅಂದಳು.
ಮೊಂತೆವಿದೆಯೊದವನದು ರೇಷ್ಮೆಯಂಥ ಮರ್ಯಾದೆ:
"ಇದೆಯಲ್ಲ ಸೆನ್ಯೋರಾ, ಈಗಲೂ ಮಾಡುತ್ತಾರೆ,
ಸಂಗ್ರಹಕಾರರಿಗೆ."
ಬೆಲೆ ಹೇಳಿದ.
ನಾನು ಎಲ್ಲವನ್ನೂ ಜೇನಲ್ಲಿ ಅಳೆಯುವವಳು:
ಒಂದು ಟೈರಿಗೆ ಮುಕ್ಕಾಲು ಪೀಪಾಯಿ.
ಹೊರೆ ಹೊರುವವರಿಗೆ ಬೇರೆ ದರವಿದೆಯೇ
ಎಂದು ಕೇಳುವ ಮೊದಲೇ ನನಗೇ ನಾಚಿಕೆಯಾಯಿತು.

ಕಡೆಗೆ ಸಿಕ್ಕಿದ್ದು ನುಯೇವಾ ಪಲ್ಮಿರಾದಲ್ಲಿ,
ದೋಣಿ ರಿಪೇರಿಯ ಎವಾರಿಸ್ತೊ ಬೆಂತಾಂಕುರ್ ಬಳಿ.
ಅಂಗಳದಲ್ಲೇ ಎರಡು, ಹೊಟ್ಟೆಯಲ್ಲಿ ಜೆರೇನಿಯಂ ತುಂಬಿಕೊಂಡು
ಒಡೆದ ಹಿಮ್ಮಡಿಯಂತೆ ಬಿಸಿಲಿಗೆ ಬಿರಿದಿದ್ದವು.
ನನ್ನ ಮುಖ ನೋಡಿ, "ಅವಲ್ಲ" ಎಂದ.
ನೆಲಮಾಳಿಗೆ. ಟಾರ್ಚು. ಕಂಬಳಿ ಸರಿಸಿದ.
ಟಾಲ್ಕಂ ಪೌಡರು ಮೆತ್ತಿಕೊಂಡ ನಾಲ್ಕು
ಆಗಷ್ಟೇ ಮೀಯಿಸಿ ಮಲಗಿಸಿದ ಕೂಸುಗಳು!
ಮೂಸಿದೆ. ಉಗುರಿಳಿಸಿದೆ.
ರಬ್ಬರು ತಗ್ಗಿತು, ಮತ್ತೆ ಎದ್ದಿತು.
ಅಚ್ಚಿನ ಎಳೆಮೀಸೆ ಕೂಡ ಉದುರಿರಲಿಲ್ಲ.

"ಎರಡು ಸಾಕು."
"ನಾಲ್ಕೂ. ಇಲ್ಲವೇ ಒಂದೂ ಇಲ್ಲ."
"ನನಗೆ ನಾಲ್ಕು ಯಾಕೆ?"
"ನನಗೆ ಎರಡು ಯಾಕೆ?"
ಅರ್ಧ ದುಡ್ಡು, ಅರ್ಧ ಜೇನು ಎಂದು ನೋಡಿದೆ.
ಸಕ್ಕರೆ ಕಾಯಿಲೆಯಂತೆ.
ರಾಣಿಯಿದ್ದ ಒಂಬತ್ತು ಪೆಟ್ಟಿಗೆ ಮಾರಿ ತಂದ ನೋಟು
ಎರಡು ಸಲ ಎಣಿಸಿದ, ಮೂರನೆಯದಕ್ಕೆ ಸೊಸೆಯನ್ನು ಕೂಗಿದ.
ಕಂಬಳಿಗೆ ಬೇರೆ ಬೆಲೆ.
ಕೊಟ್ಟೆ.

ವಿಲ್ಮಾರ್ ಸೋಪುನೀರು ಸವರಿ ಹಿಂದಿನೆರಡಕ್ಕೆ ಕೂರಿಸಿದ.
ಅಂಚು ರಿಮ್ಮಿಗೆ ಕಚ್ಚಿಕೊಂಡಾಗ ಠಪ್ಪೆಂದಿತು,
ಇಬ್ಬರೂ ಬೆಚ್ಚಿ, ಇಬ್ಬರೂ ನಕ್ಕೆವು.
ಆ ರಾತ್ರಿ ಹೆದ್ದಾರಿ ಎರಡರಲ್ಲಿ
ಐವತ್ತಮೂರು ಪೆಟ್ಟಿಗೆ, ಮೂರು ಸುತ್ತು.
ಬೆನ್ನ ಹಿಂದೆ ಇಡೀ ಊರೊಂದು ಗೊಣಗುತ್ತಿತ್ತು.
ಗಾಲಿಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ:
ಉರುಳಿದವು.

ಉಳಿದೆರಡು ನನ್ನ ಮಂಚದ ಕೆಳಗಿವೆ.
ತಿಂಗಳಿಗೊಮ್ಮೆ ಪೌಡರು ಹಾಕಿ, ಮಗ್ಗುಲು ಬದಲಿಸುತ್ತೇನೆ.
ಸುದ್ದಿ ಹೇಗೆ ಹಬ್ಬಿತೋ,
ನಿನ್ನೆ ತಕುವರೆಂಬೊದಿಂದ ಒಬ್ಬ ಹುಡುಗ,
ಮೀಸೆ ಮೂಡದ ದನಿ,
ಕುರಿಯುಣ್ಣೆ ಸಾಗಿಸುವ ಗಾಡಿಯಂತೆ, ಮೂರೇ ಬೋಲ್ಟಂತೆ:
"ನಾನೂರು ಇದೆಯಂತಲ್ಲ, ಸೆನ್ಯೋರಾ. ಒಂದಾದರೂ..."

ಇಲ್ಲ, ಎಂದೆ.

ಅವನು ಥ್ಯಾಂಕ್ಸ್ ಹೇಳಿದ. ಅದೊಂದು ಬೇಡವಾಗಿತ್ತು.
ಫೋನಿಟ್ಟು, ಮೊಣಕಾಲೂರಿ,
ಎಲ್ಲೋ ಸರಿದಂತಿದ್ದ ಕಂಬಳಿಯ ತುದಿಯನ್ನು
ಎಳೆದು ಹೊದಿಸಿದೆ.