ಒಂದು ಗೇಣು ನೆಲ

ಮೊದಲು ಹಳೆಯ ಪತ್ರಿಕೆಗಳನ್ನು ಹಾಸಿದೆವು.
ಗುರ್ಗೇನ್ ಅಳತೆಪಟ್ಟಿಯನ್ನು ನಂಬುವುದಿಲ್ಲ,
ಕಣ್ಣಿಗೆ ಕಂಡರೇ ಸೈ ಅನ್ನುವವನು.
ಸೋಫಾದಿಂದ ಕಿಟಕಿಗೆ ಏಳು ಹಾಳೆ,
ಬಾಗಿಲಿಂದ ಪಿಯಾನೋಗೆ ಐದೂವರೆ;
ಆ ಅರ್ಧದಲ್ಲಿ ಯಾರದೋ ಮರಣವಾರ್ತೆ ಇತ್ತು,
ಮಡಿಸಿ ಒಳಗೆ ಸೇರಿಸಿದೆ.

ಕಾಲ್ಬೆರಳಿಗೆ ಮೊದಲು ಗೊತ್ತಾಗುತ್ತದೆ
ಯೆರೆವಾನಿನ ನವೆಂಬರ್.
ಆದರೆ ನಮಗೆ ಹಾಸು ಬೇಕಾದದ್ದು ಚಳಿಗಲ್ಲ,
ಕೆಳಮನೆಯ ತಾಕುಹಿಗೆ.
ಎಂಬತ್ತೊಂದು ವರ್ಷ, ಒಂದು ಪೊರಕೆ,
ಅದಕ್ಕೊಂದು ಉದ್ದನೆಯ ಹಿಡಿ.
ನಮ್ಮ ಹೆಜ್ಜೆ ಎರಡು ಬಿದ್ದರೆ
ಅವಳ ಸೂರಿಗೆ ಮೂರು ಏಟು.
ಠಕ್ ಠಕ್ ಠಕ್.
"ಆನೆ ಸಾಕಿದ್ದೀರಾ?" ಎಂದು ಕೇಳಿದ್ದಳು
ಮೆಟ್ಟಿಲಲ್ಲೊಮ್ಮೆ, ಕೈಯಲ್ಲಿ ಬೀಟ್‌ರೂಟಿನ ಚೀಲ.

ಅಂಗಡಿಯ ಹ್ಮಾಯಾಕ್ ಬಿಡಿಸಿದ, ಬಿಡಿಸಿದ,
ಲವಾಶ್ ರೊಟ್ಟಿಯ ಹಾಗೆ ಒಂದರ ಮೇಲೊಂದು.
ಮೂಲೆ ಮಗುಚಿ ತೋರಿಸಿದ:
"ಮುಖ ನೋಡಬೇಡ ತಾಯಿ, ಬೆನ್ನು ನೋಡು.
ಹೆಬ್ಬೆರಳ ಅಗಲದಲ್ಲಿ ಎಷ್ಟು ಗಂಟು, ಎಣಿಸು."
ಅವನು ಗಂಟು ಎಣಿಸಿದ ಹಾಗೆಲ್ಲ
ಚೀಲದೊಳಗೆ ಕೈಯಿಟ್ಟು
ನಾನು ನಮ್ಮ ಗಂಟು ಎಣಿಸಿದೆ.
ಹೊಂದಲಿಲ್ಲ.
"ಒಂದೊಂದನ್ನೂ ಒಂದು ರಾತ್ರಿ ಮನೆಯಲ್ಲಿ ಮಲಗಿಸಿ ನೋಡಿ,
ಒಗ್ಗದಿದ್ದರೆ ತಂದುಬಿಡಿ," ಅಂದ,
"ಮದುವೆಯಲ್ಲಿ ಈ ಸೌಲಭ್ಯ ಇಲ್ಲ."

ಮೊದಲ ರಾತ್ರಿ ಕೆಂಪು.
ದೀಪ ಹಚ್ಚಿದ್ದೇ ತಡ ಗೋಡೆಗೆ ಜ್ವರ ಬಂತು.
ಗುರ್ಗೇನನ ಗಲ್ಲವೂ ಕೆಂಪಗಾಗಿ
ಕುಡಿದಿದ್ದಾನೋ ಎಂದು ಮೂಸಿ ನೋಡಿದೆ.

ಎರಡನೆಯದು ಚೆಲುವೆ, ಆದರೆ ಮೊಳ ಕಡಿಮೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಸರಿ,
ಸೋಫಾ ಮಡಿಸೀತೇ ತನ್ನ ಕಾಲು?
ಯಾರೋ ಬೀಳಿಸಿಹೋದ ಕರವಸ್ತ್ರದ ಹಾಗೆ
ನಡುಮನೆಯಲ್ಲಿ ಬಿದ್ದಿತ್ತು.

ಮೂರನೆಯದು ಕುರಿಯ ಬೆನ್ನಿನಷ್ಟು ದಪ್ಪ;
ಬಾಗಿಲು ಅರ್ಧಕ್ಕೆ ಬಂದು ಕಚ್ಚಿಕೊಂಡಿತು.
ಆ ರಾತ್ರಿಯೆಲ್ಲ ನಾವು ಅಡ್ಡಡ್ಡ ಓಡಾಡಿದೆವು.

ನಾಲ್ಕನೆಯದು ಮಾಸಲು ನೀಲಿ.
ನಡುವೆ ಒಂದು ಕಡೆ ಆ ನೀಲಿ ತಟ್ಟನೆ ತೆಳು:
ನೂಲು ಮುಗಿದು ನೇಯುವವಳು ಮತ್ತೆ ಬಣ್ಣ ಕಾಸುವಾಗ
ಕಡಾಯಿ ಬೇರೆಯೋ, ನೀರು ಬೇರೆಯೋ,
ಮನಸ್ಸೇ ಬೇರೆಯೋ.
ಅದಕ್ಕೆಂದು ಹ್ಮಾಯಾಕ್ ಬೆಲೆ ಇಳಿಸಲಿಲ್ಲ, ಏರಿಸಿದ.
ಕೊಟ್ಟೆವು. ಸೋಫಾದ ಕಾಲಿಂದ ಕಿಟಕಿಯ ಗೋಡೆವರೆಗೆ
ಅಳೆದು ನೇಯ್ದ ಹಾಗೆ ಕೂತಿತು.

ಹೆಜ್ಜೆ ಇಟ್ಟೆವು: ಸದ್ದಿಲ್ಲ.
ಗುರ್ಗೇನ್ ಬೇಕೆಂದೇ ಕುಣಿದ: ಸದ್ದಿಲ್ಲ.
ಚಮಚ ಬಿತ್ತು; ಬಿದ್ದದ್ದು ಚಮಚಕ್ಕೂ ತಿಳಿಯಲಿಲ್ಲ.
ಒಂದು ದಿನ, ಎರಡು ದಿನ, ಪೊರಕೆ ತೆಪ್ಪಗಿತ್ತು.
ಗೆದ್ದೆವು ಅಂದುಕೊಂಡೆವು.

ಮೂರನೆಯ ಸಂಜೆ ಬಾಗಿಲಲ್ಲಿ ತಾಕುಹಿ.
ಹದಿನೆಂಟು ಮೆಟ್ಟಿಲಿನ ಏದುಸಿರು,
ಒಂದೊಂದು ಕಾಲಿಗೆ ಒಂದೊಂದು ಜೋಡಿನ ಚಪ್ಪಲಿ.
ನನ್ನನ್ನು ನೋಡಿದಳು, ಹಿಂದೆ ನಿಂತ ಅವನನ್ನು ನೋಡಿದಳು.
"ಇದ್ದೀರಾ?" ಅಂದಳು.
"ಏಳಕ್ಕೆ ಇವನು ಕಿಟಕಿಗೆ ಹೋಗುತ್ತಿದ್ದ, ನಾನು ಏಳುತ್ತಿದ್ದೆ.
ಹತ್ತಕ್ಕೆ ನೀನು ಕುರ್ಚಿ ಎಳೆಯುತ್ತಿದ್ದೆ,
ನಾನು ಮಾತ್ರೆ ನುಂಗುತ್ತಿದ್ದೆ.
ಎರಡು ದಿನ ಮಾತ್ರೆ ತಪ್ಪಿತು.
ಗ್ಯಾಸು ಗೀಸು ಸೋರಿ ಏನಾದರೂ..."
ಮಾತು ಮುಗಿಸದೆ ಬಗ್ಗಿ
ನೀಲಿ ತೆಳುವಾದ ಜಾಗವನ್ನೇ ಬೆರಳಿಂದ ಮುಟ್ಟಿ
"ಒಳ್ಳೆಯದೇ ತಂದಿದ್ದೀರಿ," ಅಂದಳು,
ಬೈದ ಹಾಗೆ.

ಕಾಫಿ ಕುಡಿದು ಇಳಿದುಹೋದಳು.
ನಾವು ಮಾತಾಡಲಿಲ್ಲ.
ಗುರ್ಗೇನ್ ಸೋಫಾ ಎತ್ತಿ ಹಿಡಿದ;
ನಾನು ಮಂಡಿಯೂರಿ ಹಾಸನ್ನು ಒಳಕ್ಕೆಳೆದೆ.
ಕಿಟಕಿಯ ಕೆಳಗೆ ಒಂದು ಗೇಣು
ಮರದ ನೆಲ ಬತ್ತಲಾಯಿತು.
ಹ್ಮಾಯಾಕ್ ಕಂಡರೆ ಹಣೆ ಚಚ್ಚಿಕೊಂಡಾನು.

ಈಗ ಬೆಳಿಗ್ಗೆ ಏಳಕ್ಕೆ ಅವನು
ಬೂಟು ಹಾಕಿಕೊಂಡೇ ಆ ಗೇಣಿನ ಮೇಲೆ ನಿಂತು
ಪರದೆ ಸರಿಸುತ್ತಾನೆ.
ಹತ್ತಕ್ಕೆ ನಾನು ಕುರ್ಚಿಯನ್ನು ಎತ್ತಿ ಅಲ್ಲಿಗೊಯ್ದು
ಒಮ್ಮೆ ಕರ್ರನೆ ಎಳೆದು, ಕಾಯುತ್ತೇನೆ.
ಕೆಲವು ದಿನ ತಡವಾಗುತ್ತದೆ,
ಮಾತ್ರೆ ಹುಡುಕುತ್ತಿರಬೇಕು.
ಆಮೇಲೆ ಬರುತ್ತದೆ. ಈಚೆಗೆ ಮೂರಲ್ಲ,
ಎರಡೇ ಏಟು.