ಮೂವತ್ತು ಸೆಕೆಂಡು

ಉಪ್ಪಳ್ಳಿ ದಾರಿಯ ಕಾಫಿ ಕ್ಯೂರಿಂಗಿನಿಂದ ಫೋನು:
"ಡಿಸ್ಕು ಸತ್ತಿದೆ ಮೇಡಂ, ಎರಡನೇ ಸಲ."
ಒಂದೇ ಡಿಸ್ಕು ಎರಡು ಸಲ ಸಾಯುವುದು ಹೇಗೆ
ಎಂದು ಕೇಳದೆ ಸ್ಕೂಟರು ತೆಗೆದೆ.

ತೂಕದ ಕೋಣೆ. ಗೋಣಿ ನಾರಿನ ಧೂಳು.
ಸಿಪ್ಪೆ ಬಿಡಿಸುವ ಯಂತ್ರದ ನಡುಕ
ನೆಲದಿಂದ ಮೇಜಿಗೆ, ಮೇಜಿನಿಂದ ಡಬ್ಬಿಗೆ.
ಡಬ್ಬಿಯೊಳಗೆ ಹಂಗಾಮುಗಟ್ಟಲೆ ಲೆಕ್ಕ:
ಯಾರ ತೋಟದ್ದು, ಎಷ್ಟು ಮೂಟೆ, ಎಷ್ಟು ತೇವ.

ಲಾಗು ಓದಿದೆ. ಸತ್ತಿರಲಿಲ್ಲ.
ಎಲ್ಲೋ ಒಂದು ಚೂರು ಮಾಸಿತ್ತು.
ಓದಿತು, ತಿಳಿಯಲಿಲ್ಲ, ಸುತ್ತಿ ಬಂದು ಮತ್ತೆ ಓದಿತು,
ಮಳೆಗೆ ಸಿಕ್ಕ ರಸೀದಿಯನ್ನು
ಬೆಳಕಿಗೆ ಹಿಡಿ ಹಿಡಿದು ನೋಡುವ ಹಾಗೆ.
ಕೇಳಿದ ಯಂತ್ರ ಮೂವತ್ತು ಎಣಿಸಿ
ಬಾಗಿಲು ಬಡಿಯಿತು.
ಬಡಿದ ಸದ್ದಿಗೆ ಡಿಸ್ಕು ಎಲ್ಲಿದ್ದೆನೆಂದು ಮರೆತು
ಮೊದಲಿನಿಂದ ಶುರು ಮಾಡಿತು.
ಮತ್ತೆ ಮೂವತ್ತು. ಮತ್ತೆ ಬಾಗಿಲು.
ಆಮೇಲೆ ಪಟ್ಟಿಯಿಂದಲೇ ಹೆಸರು ಹೊಡೆದು ಹಾಕಿತು.

ಈ ಮೂವತ್ತು ಯಾರು ಹೇಳಿದ್ದು?
ಯಾರೂ ಇಲ್ಲ. ಪೆಟ್ಟಿಗೆ ಬಿಚ್ಚಿದಾಗಲೇ ಇತ್ತು,
ಹೊಸ ಗಡಿಯಾರದಲ್ಲಿ ಹತ್ತು ಹತ್ತು ಇರುವ ಹಾಗೆ.

"ಇದು ಯಾವ ವರ್ಷದ್ದು ಆಚಾರ್ರೇ?" ಅಂದೆ.
ತೂಕದ ನಂಜುಂಡಾಚಾರ್‌ಗೆ ಮಾತು ಸಿಕ್ಕಿಕೊಳ್ಳುತ್ತದೆ.
ಮಕಾರವೆಂದರೆ ಅವರ ನಾಲಿಗೆಗೆ ಒಂದು ಏರು.
"ಮ... ಮ..."
"ಮೊನ್ನೆ ಮೊನ್ನೆಯದು ಮೇಡಂ" ಎಂದು
ಮ್ಯಾನೇಜರ್ ಲ್ಯಾನ್ಸಿ ಮಾತು ಕಿತ್ತುಕೊಂಡರು.
ಆಚಾರ್ರು ಉಸಿರೆಳೆದು
ಮೊದಲಿನಿಂದ ಶುರು ಮಾಡಿದರು.

ಎಣಿಸಲಿಲ್ಲ ಅಂದರೆ ಸುಳ್ಳು. ನನ್ನ ಕಸುಬೇ ಅದು.
ನಲವತ್ತೆರಡಕ್ಕೆ ಬಂತು:
"ಮಳೆ ನೀರು ಮೂರನೇ ಗೋಡೌನಿಗೆ ನುಗ್ಗಿತ್ತಲ್ಲ, ಆ ವರ್ಷದ್ದು.
ಇದಕ್ಕೆ ಜೋಡಿ ಇಲ್ಲಮ್ಮ. ಇದೊಂದೇ."

ಅಷ್ಟು ಸಾಕಿತ್ತು ನನಗೆ.

ಹಾಗಂತ ಕಾಯುವುದೇ ದೊಡ್ಡ ಗುಣವೆಂದು ಹಾಡಲಾರೆ.
ತಾಳಿದವನು ಬಾಳಿಯಾನು ಎಂದು ಗೋಡೆಗೆ ಬರೆಯಬಹುದು,
ಕಾನ್ಫಿಗ್ ಫೈಲಿಗಲ್ಲ.
ಮಿತಿಯೇ ಇಲ್ಲದೆ ಕಾದ ಒಂದು ಬೆಳಗ್ಗೆ
ಪರದೆ ಕಲ್ಲಾಗಿ, ತೂಕ ನಿಂತು,
ಲಾರಿಗಳ ಸಾಲು ತಿರುವಿನ ತನಕ ಬೆಳೆದಿತ್ತು ಇಲ್ಲೇ.

ಆಚೆ ಹಾಲಿನಲ್ಲಿ ಬೀಜ ಆರಿಸುವ ಹೆಂಗಸರು.
"ನಿನ್ನೆ ಎಷ್ಟು ಬುಟ್ಟಿ?" ಎಂದರೆ ದೇವೀರಮ್ಮ
ಕೈ ನಿಲ್ಲಿಸದೆ, "ನೆಪ್ಪಿಲ್ಲ ಕಣವ್ವ" ಅನ್ನುತ್ತಾಳೆ.
ಪಕ್ಕದ ಫರೀದಾ, "ಹದಿನಾಲ್ಕು."
ಮುಗಿಯಿತು. ಯಾರ ಮಾನವೂ ಹೋಗಲಿಲ್ಲ.
ಆಫೀಸಿನ ಸರ್ವರಿನಲ್ಲೂ ಹಾಗೇ ನಾಲ್ಕು ಡಿಸ್ಕು,
ಒಂದರ ಮರೆವನ್ನು ಮಿಕ್ಕವು ತುಂಬುತ್ತವೆ.
ಅಲ್ಲಿ ಹಟ ಹಿಡಿದು ತಡಕಾಡುವವನೇ ತಪ್ಪಿತಸ್ಥ.
ಅವುಗಳಿಗೆ ಏಳು ಸೆಕೆಂಡು ಕೊಟ್ಟೆ:
ಅಷ್ಟರೊಳಗೆ ಗೊತ್ತಿಲ್ಲ ಅನ್ನಿ,
ಕೇಳುವವನ ತಾಳ್ಮೆ ಕೆಡುವ ಮುಂಚೆ.

ಒಂಟಿಗೆ ಆ ಸವಲತ್ತಿಲ್ಲ.
ಅದು ಗೊತ್ತಿಲ್ಲವೆಂದರೆ ಯಾರಿಗೂ ಗೊತ್ತಿಲ್ಲ.
ಮೂವತ್ತು ಅಳಿಸಿ ನೂರ ಎಂಬತ್ತು ಬರೆದೆ.
ಗೇಟಿನ ತಕ್ಕಡಿ ಕೆಲಸ ನಿಲ್ಲಿಸಿ, ಚೀಟಿ ಪುಸ್ತಕ ಕೊಟ್ಟು,
ಸಿಪ್ಪೆ ಯಂತ್ರವನ್ನೂ ಕೊಂಚ ಆರಿಸಲು ಹೇಳಿ
ಇನ್ನೊಂದಕ್ಕೆ ನಕಲು ಹಚ್ಚಿದೆ.

ಮಾಸಿದ ಜಾಗಕ್ಕೆ ಬಂದು ನಿಂತಿತು.
ಮೂವತ್ತು.
ಅರವತ್ತು. ಲ್ಯಾನ್ಸಿ ಕುರ್ಚಿ ಬದಲಾಯಿಸಿದರು.
ಒಳಗೆ ಸಣ್ಣಗೆ ಟಿಕ್ಕು, ಮತ್ತೊಂದು ಟಿಕ್ಕು,
ಆಚಾರ್ರು ಡಬ್ಬಿಯ ಮೇಲೆ ಅಂಗೈ ಇಟ್ಟಿದ್ದರು,
ಕರುವಿನ ಬೆನ್ನ ಮೇಲೆ ಇಡುವ ಹಾಗೆ.
ತೊಂಬತ್ತೇಳಕ್ಕೆ ಸಾಲು ಸರಿಯಿತು.
ಯಾರದೋ ಇಪ್ಪತ್ತಾರು ಮೂಟೆ, ತೇವ ಹನ್ನೊಂದೂವರೆ.

ಬಿಲ್ಲು ನೋಡಿ ಲ್ಯಾನ್ಸಿ:
"ಒಂದು ಅಂಕಿ ಬದಲಾಯಿಸಿದ್ದಕ್ಕೆ ಐನೂರು ರೂಪಾಯಾ?"
ನನ್ನ ಪರವಾಗಿ ಆಚಾರ್ರು ಬಾಯಿ ತೆರೆದರು:
"ಮ..."

ಲ್ಯಾನ್ಸಿ ವಾಚು ನೋಡಿಕೊಂಡರು.