ಬ-ವತ್ತು ಸಾಲದ ಊರು

"ಎರಡು ಕೊಕ್ಕೆ ಈ ಕಡೆ, ಎರಡು ಕೊಕ್ಕೆ ಆ ಕಡೆ,
ನಡುವಿನ ಮಾತು ಓರೆಯಾಗುತ್ತೆ, ತಾತ.
ಮೂರು ಮೂರು ಹಾಕಿದರೆ ದಪ್ಪ.
ಮುಚ್ಚೋದು ಮರೆತರೆ ಸಾಲಿನ ಕೊನೇವರೆಗೂ ದಪ್ಪ."

ಅರಸೀಕೆರೆ ಗ್ರಂಥಾಲಯದ ಕಿಟಕಿ ಪಕ್ಕದ ಕಂಪ್ಯೂಟರು.
ಕಲಿಸುವವಳು ಸಬೀಹಾ, ಬಿ.ಎ. ಎರಡನೇ ವರ್ಷ.
ಕಲಿಯುವವನು ನಾನು,
ಮೂವತ್ತೊಂದು ವರ್ಷ ಅಚ್ಚುಮೊಳೆ ಜೋಡಿಸಿ ಕಣ್ಣು ಸವೆಸಿದವನು.

ಓರೆ ಅಕ್ಷರ ನಮ್ಮ ಕೇಸಿನಲ್ಲಿ ಇರಲೇ ಇಲ್ಲ ಮಗಳೇ,
ಸೀಸದ ಭಾರಕ್ಕೆ ಕನ್ನಡ ನೆಟ್ಟಗೆ ನಿಲ್ಲುತ್ತಿತ್ತು.
ದಪ್ಪ ಬೇಕಾದಾಗ ಹೆಡ್‌ಮಾಸ್ತರು ಪದದ ಕೆಳಗೆ
ಹಾವು ಹರಿದಂತೆ ಗೆರೆ ಎಳೆದು ಕಳಿಸುತ್ತಿದ್ದರು.
ನಾನೆದ್ದು ಗೋಡೆ ಬದಿಯ ಕೇಸಿಗೆ ನಡೆಯಬೇಕು,
ಹೋಗುತ್ತ ಹದಿನಾಲ್ಕು ಹೆಜ್ಜೆ, ಬರುತ್ತ ಹದಿನಾಲ್ಕು.
ದಪ್ಪ ಅನ್ನುವುದು ಆಗ ದೂರದಲ್ಲಿತ್ತು.
ಈಗ ಕಿರುಬೆರಳು ಮೂರು ಸಲ ಕುಟುಕಿದರೆ ಸಾಕು.
ನಂಬಿಕೆ ಬಾರದೆ 'ಮುನ್ನೋಟ' ಒತ್ತಿ ಒತ್ತಿ ನೋಡಿದೆ.

ಆಮೇಲೆ ಅವಳು ಎರಡು ಅಡ್ಡಗೆರೆಯ ಗುರುತು ಒತ್ತಿದಳು: ==
ನನಗೆ ಧಸಕ್ಕೆಂದಿತು.
"ಇಲ್ಲೇನು, ಮೊಳೆ ಸಾಲದೆ ಹೋಯಿತೆ?"
"ಇಲ್ಲ ತಾತ, ಅದು ತಲೆಬರಹ."

ಅವಳಿಗೆ ಹೇಗೆ ಹೇಳಲಿ.
ಈ ಊರಿನಲ್ಲಿ ಬ-ವತ್ತು ಎಂದೂ ಸಾಲದು.
ಒಂದು ಫರ್ಮಾಕ್ಕೆ ಎಂಟು ಬಿಲ್ಲು, ಎಂಟರಲ್ಲೂ
ಕೊಬ್ಬರಿ, ಉಂಡೆ ಕೊಬ್ಬರಿ, ಚೂರು ಕೊಬ್ಬರಿ.
ವತ್ತು ಮುಗಿದ ಕಡೆ ಸಿಕ್ಕ ಮೊಳೆಯನ್ನು
ತಲೆಕೆಳಗು ಮಾಡಿ ನಿಲ್ಲಿಸುತ್ತಿದ್ದೆವು, ಜಾಗ ಹಿಡಿಯಲು.
ಕರಡಿನಲ್ಲಿ ಬುಡದ ಎರಡು ಕಪ್ಪು ಗೆರೆ ಮೂಡುತ್ತಿತ್ತು:
ಕೊಬ=ರಿ.
ಒಮ್ಮೆ ಸಾವಿರ ಬಿಲ್ಲು ಹಾಗೇ ಅಚ್ಚಾಗಿ ಹೋಗಿ
ಮಂಡಿ ಈರಣ್ಣಶೆಟ್ಟರು ಆರು ತಿಂಗಳು ದುಡ್ಡು ಹಿಡಿದರು.

ಮುಂದಿನ ಪಾಠ, ಜೋಡಿ ಚೌಕ ಆವರಣ.
ಪದದ ಎರಡೂ ಕಡೆ ಇಟ್ಟರೆ
ನಮ್ಮ ಜಂಕ್ಷನ್ನಿನ ಹಾಗೆ, ಪದ ಹಳಿ ಬದಲಿಸಿ
ಇನ್ನೊಂದು ಪುಟಕ್ಕೆ ಓದುವವನನ್ನು ಒಯ್ಯುತ್ತದೆ.
'ನಮ್ಮೂರ ಅಚ್ಚುಕೂಟಗಳು' ಅಂತ ಬರೆಯುತ್ತಿದ್ದೆ.
ಅರಸೀಕೆರೆ, ನೀಲಿ. ತೆಂಗು, ನೀಲಿ.
ಸೀಸ, ಅದೂ ನೀಲಿ.
ಹೊಂಬಾಳಮ್ಮ, ಕೆಂಪು.

"ಕೆಂಪಂದ್ರೆ ಆ ಪುಟ ಇಲ್ಲ ಅಂತ.
ಆವರಣ ತೆಗೆದುಬಿಡಿ, ಚೆನ್ನಾಗಿ ಕಾಣಲ್ಲ."

ಇಲ್ಲ ನಿಜ.
ಅಚ್ಚಾದ ಮೇಲೆ ಕಟ್ಟು ಬಿಚ್ಚಿ, ಸೀಮೆಎಣ್ಣೆಯಲ್ಲಿ ಮಸಿ ಒರೆಸಿ
ಒಂದೊಂದೇ ಮೊಳೆಯನ್ನು ಕೇಸಿಗೆ ಹಂಚುತ್ತಿದ್ದಳು.
ಓದು ಬಾರದು. 'ಗ' ಅಂದರೆ ಏನೆಂದು ತಿಳಿಯದು,
'ಗ'ದ ಮನೆ ಯಾವುದೆಂದು ತಿಳಿಯುವುದು.
ಕರೆಂಟು ಹೋದರೂ ಕೈ ನಿಲ್ಲುತ್ತಿರಲಿಲ್ಲ;
ಕತ್ತಲಲ್ಲಿ ಟಿಕ್, ಟಿಕ್, ಮಳೆಹನಿಗಿಂತ ಗಟ್ಟಿ ಸದ್ದು.
ನಾನು ಜೋಡಿಸಿದ ಪ್ರತಿ ಮದುವೆ, ಪ್ರತಿ ವೈಕುಂಠ ಸಮಾರಾಧನೆ
ಅವಳ ಬೆರಳಲ್ಲಿ ಮತ್ತೆ ಬಿಡಿ ಅಕ್ಷರವಾಗುತ್ತಿತ್ತು.
ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು. ಮಸಿ ಡಬ್ಬಿ ಬೇಕಿರಲಿಲ್ಲ,
ಬೆರಳೇ ಸಾಕಷ್ಟು ಕಪ್ಪಗಿತ್ತು.

"ಆಧಾರ ಕೇಳ್ತಾರೆ ತಾತ, ಎಲ್ಲಿ ಅಚ್ಚಾಗಿದೆ ಅಂತ."
ಎಲ್ಲೂ ಇಲ್ಲವಮ್ಮ. ಪ್ರೆಸ್ಸು ಮುಚ್ಚಿದ ದಿನ
ಮೊಳೆಯ ಜೊತೆ ಆ ಪುಸ್ತಕವನ್ನೂ ತೂಕಕ್ಕೆ ಹಾಕಿದರು.
ಸಬೀಹಾ ಸ್ವಲ್ಪ ಹೊತ್ತು ಸುಮ್ಮನಿದ್ದು
ನನ್ನ ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದಳು.
"ಅಳಿಸಿದರೆ ಅಳಿಸಲಿ. ಕೆಂಪಿನ ಮೇಲೆ ಒತ್ತಿ."

ಒತ್ತಿದೆ.
ಬಿಳಿ ಪುಟ, ಮಿನುಗುವ ಒಂದು ಗೂಟ.
ಗ್ರಂಥಪಾಲಕರು ಫ್ಯಾನು ಆರಿಸಿ ಕೀಲಿ ಕುಲುಕುತ್ತಿದ್ದರು.
ಮೊದಲು ಮೂರು ಕೊಕ್ಕೆ.
ಹೊಂ. ಬಾ. ಳ.
ಮ-ವತ್ತು ಹುಡುಕಿದೆ.
ಇತ್ತು.